ಹನಾನ್ ಮನೆಯಿಂದ ಹೇಳದೆ ಬಂದದ್ದು

ಸಿರಾ

“ನಮ್ ಗಲ್ಲಿ ನಲ್ಲಿ ಜಗಳಾನೇ ಬಿಡ್ಸಕ್ಕಾಗ್ಲಿಲ್ಲ ನಿಮ್ ಕೈಲಿ. ಲಂಡನ್‌ಗೋಗಿ ಯಾರ್ ಜಗಳ ಬಿಡಿಸ್ತೀರಿ ಟೀಚರಮ್ಮ?”

ಪಕ್ಕದ ಮನೆಯ ಮುಮ್ತಾಜ್ ನನ್ನ ಸೂಟ್‌ಕೇಸಿನ ಮೇಲೆ ಕೂತು ಮುಚ್ಚಳ ಒತ್ತುತ್ತಾ ಕೇಳಿದಳು. ಅವಳದು ಬಳೆ ಅಂಗಡಿ. ಎಂಥ ಮೊಂಡು ಕೈಯನ್ನೂ ಹಿಂಡಿ ಒಂದು ಸೈಜು ಚಿಕ್ಕ ಬಳೆ ತೊಡಿಸುವವಳಿಗೆ ಸೂಟ್‌ಕೇಸ್ ಯಾವ ಲೆಕ್ಕ.

“ಜಗಳ ಬಿಡಿಸೋಕಲ್ಲ ಕಣೆ. ಮೀಟಿಂಗು.”

“ಮೀಟಿಂಗ್ ಅಂದ್ರೆ ಅದೇ ಅಲ್ವಾ. ಟೀ ಕುಡ್ಕಂಡು ಜಗಳ.”

ಅವಳು ಹೇಳಿದ್ದು ಪೂರ್ತಿ ಸುಳ್ಳಲ್ಲ. ನಮ್ಮದೊಂದು ಪುಟ್ಟ ಟ್ರಸ್ಟ್. ತುಮಕೂರಿನ ಕಾನ್ವೆಂಟಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್ ಆಗ್ನೆಸ್ ವಯಸ್ಸಾದ ಮೇಲೆ ಇಂಗ್ಲೆಂಡಿಗೆ ಹೋಗಿ ಅದನ್ನು ಕಟ್ಟಿದರು. ಇಸ್ರೇಲಿನ ಕೆಲವು ತಾಯಂದಿರು, ಪ್ಯಾಲೆಸ್ತೀನಿನ ಕೆಲವು ತಾಯಂದಿರು, ಬೇಸಿಗೆಯಲ್ಲಿ ಒಂದು ವಾರ ಇಂಗ್ಲೆಂಡಿನ ಸಮುದ್ರದ ದಡದ ಮನೆಯೊಂದರಲ್ಲಿ ಒಟ್ಟಿಗೆ ಇರಬೇಕು. ಅಡುಗೆಮನೆ ಒಂದೇ. ಭಾಷಣ ಇಲ್ಲ, ಹಾಡು ಇಲ್ಲ, ಫೋಟೋ ಇಲ್ಲ. ಒಂದೇ ಒಲೆಯ ಮುಂದೆ ಎರಡು ಊರಿನ ಹೆಂಗಸರು ನಿಂತರೆ ಉಪ್ಪಿನ ವಿಷಯಕ್ಕಾದರೂ ಮಾತು ಬಂದೇ ಬರುತ್ತದೆ ಎಂಬುದು ಸಿಸ್ಟರ್ ಥಿಯರಿ.

ಟ್ರಸ್ಟಿಗಳು ನಾಲ್ವರು. ಅಧ್ಯಕ್ಷೆ ಮಾರ್ಗರೆಟ್, ಇಂಗ್ಲಿಷ್ ಹೆಂಗಸು. ಯಾಯೆಲ್, ಇಸ್ರೇಲಿನವಳು, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಹನಾನ್, ಗಾಜಾದವಳು, ಹಲ್ಲಿನ ಡಾಕ್ಟರ್, ಅವಳೂ ಲಂಡನ್ನಿನಲ್ಲೇ ಇರುವವಳು. ನಾಲ್ಕನೆಯವಳು ಗಿರಿಜ, ಅಂದರೆ ನಾನು. ಮಧುಗಿರಿಯಲ್ಲಿ ಹುಟ್ಟಿ ಸಿರಾದಲ್ಲಿ ಇಂಗ್ಲಿಷ್ ಪಾಠ ಹೇಳಿ ರಿಟೈರ್ ಆದವಳು. “ನಿನಗೆ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ನಡುವೆ ಕೂರಲು ಒಬ್ಬಳು ಬೇಕು” ಎಂದು ಸಿಸ್ಟರ್ ಸೇರಿಸಿಕೊಂಡಿದ್ದರು. ಟ್ರಸ್ಟಿನಲ್ಲಿ ಎರಡೂ ಕಡೆಯವರು ಒಬ್ಬೊಬ್ಬರಾದರೂ ಇರಲೇಬೇಕು, ನಾಲ್ವರೂ ಕೂರದೆ ಏನನ್ನೂ ತೀರ್ಮಾನಿಸಬಾರದು, ಒಂದು ಕಡೆಯವಳು ರಾಜೀನಾಮೆ ಕೊಟ್ಟರೆ ಟ್ರಸ್ಟ್ ಮುಚ್ಚಬೇಕು ಎಂದು ಅವರೇ ಬರೆಸಿ ತೀರಿಕೊಂಡರು.

ಸಿಸ್ಟರ್ ಬದುಕಿದ್ದಾಗ ಒಂದು ಬೇಸಿಗೆ ನಾನೂ ಆ ಮನೆಗೆ ಹೋಗಿದ್ದೆ. ಮಾಡು ಸೋರಿ ಹನಾನ್ ಮತ್ತು ಯಾಯೆಲ್ ಒಂದೇ ರೂಮಿನಲ್ಲಿ ಮಲಗಬೇಕಾಯಿತು. ನಾನು ಒಯ್ದಿದ್ದ ಕಡಲೆಕಾಯಿ ಉಂಡೆಯನ್ನು ಇಬ್ಬರೂ ಒಂದೇ ಕಂಬಳಿ ಹೊದ್ದು ಸಮುದ್ರದ ಮುಂದೆ ಕೂತು ತಿಂದು, ಕೊನೆಯದಕ್ಕೆ ಕಿತ್ತಾಡಿದರು. ಆಮೇಲೆ ಯುದ್ಧ ಶುರುವಾಯಿತು. ಶುರುವಾದ ದಿನವೇ ಯಾಯೆಲ್‌ಳ ಅಣ್ಣನ ಮಗ ಸತ್ತ. ಅಲ್ಲಿಂದ ಮುಂದೆ ಹನಾನ್ ಊರಿನಿಂದ ಸಾವಿನ ಸುದ್ದಿ ನಿಂತೇ ಇಲ್ಲ. ನಮ್ಮ ಮೀಟಿಂಗೆಲ್ಲ ಫೋನಿನ ಸ್ಕ್ರೀನಿನ ಮೇಲೆ ನಡೆಯುತ್ತಿದ್ದವು. ಇಬ್ಬರೂ ಕ್ಯಾಮೆರಾ ಆಫ್ ಮಾಡಿಕೊಂಡು ಕೂರುತ್ತಿದ್ದರು. ಎರಡು ಕಪ್ಪು ಚೌಕದ ನಡುವೆ ನನ್ನ ಮುದಿ ಮುಖ, ಹಿಂದೆ ನಮ್ಮ ಮನೆಯ ಕ್ಯಾಲೆಂಡರು.

“ಟ್ರಸ್ಟ್ ನಡೆಸುವುದೋ ಮುಚ್ಚುವುದೋ, ಫೋನಿನಲ್ಲಿ ಇದು ತೀರ್ಮಾನ ಆಗುವುದಿಲ್ಲ. ಬಾ” ಎಂದು ಮಾರ್ಗರೆಟ್ ಕರೆದಳು. ಬಟ್ಟೆ ತುಂಬುತ್ತಿದ್ದಾಗಲೇ ಅವಳ ಇನ್ನೊಂದು ಮೆಸೇಜು ಬಂತು. ಮನೆಯ ಮೇಲೆ ಬಾಂಬು ಬಿದ್ದು ಹನಾನ್‌ಳ ತಂಗಿ ರೀಮಾ ಹೋದಳು. ಜೊತೆಗೆ ರೀಮಾಳ ಚಿಕ್ಕ ಮಗನೂ.

ಮುಮ್ತಾಜ್ ಸೂಟ್‌ಕೇಸಿನಿಂದ ಇಳಿದಳು. ಉಂಡೆಯ ಡಬ್ಬ ಒಳಗಿದೆ ಎಂದು ಅವಳಿಗೆ ಗೊತ್ತು. ಬೆಲ್ಲದ ಪಾಕ ಹಿಡಿದವಳೇ ಅವಳು. “ಮಯ್ಯತ್ ಆದ ಮನೆಗೆ ಸಿಹಿ ತಗಂಡೋಗ್ತೀರಾ?” ಅಂದಳು. ಆಮೇಲೆ ತಾನೇ, “ಇರ್ಲಿ ಬುಡಿ. ಎಲ್ಲಾ ಮುಗದ್ಮೇಲೆ ಕೊಡಿ” ಅಂದಳು. ಎಲ್ಲಾ ಅಂದರೆ ಎಷ್ಟು ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ.

ಕೊರಟಗೆರೆ

ಏರ್‌ಪೋರ್ಟಿಗೆ ಹೈವೇ ಬಿಟ್ಟು ಮಧುಗಿರಿ ಮೇಲೆ ಹೋಗೋಣ ಎಂದಿದ್ದೆ. ಈ ವಯಸ್ಸಿನಲ್ಲಿ ವಿಮಾನ ಹತ್ತುವ ಮೊದಲು ಬೆಟ್ಟವನ್ನು ಒಂದು ಸಲ ನೋಡಿಕೊಳ್ಳುವುದು ಒಳ್ಳೆಯದು. ಕಾರು ಓಡಿಸಿದವನು ಹನುಮಂತರಾಯ, ಪಾವಗಡ ಕಡೆ ಕ್ಯಾತಗಾನಚೆರ್ಲಿನವನು.

“ನಮ್ ಹೊಲ್ದಾಗೆ ಈಗ ಗಾಜು ಬೆಳಿತೈತಮ್ಮ. ಸೋಲಾರ್‌ನೋರ್ಗೆ ಕೊಟ್ಟಿದೀವಿ. ನೀರೂ ಬ್ಯಾಡ, ಗೊಬ್ರಾನೂ ಬ್ಯಾಡ. ಒರೆಸ್ತಿದ್ರೆ ಸರಿಪೋತುಂದಿ, ಅಷ್ಟೇ ಸಾಕು.” ಸ್ವಲ್ಪ ದೂರ ಹೋದ ಮೇಲೆ, “ಆ ದೇಶ್ದಾಗೆ ಜಗಳ ಯಾತಕ್ಕಮ್ಮ?” ಎಂದ.

“ಭೂಮಿಗೆ ಕಣಪ್ಪ.”

“ಓ. ನಂಗೂ ನಮ್ಮಣ್ಣಂಗೂ ಮಾತಿಲ್ಲ. ಬದುವಿನ್ ವಿಷ್ಯ. ಈಗ ಬದೂನೂ ಇಲ್ಲ, ಎಲ್ಲಾ ಗಾಜಿನ್ ಕೆಳಗೋತು. ಆದ್ರೂ ಮಾತಿಲ್ಲ.”

ಕೊರಟಗೆರೆಯಲ್ಲಿ ನನ್ನ ಚಿಕ್ಕಪ್ಪನ ಮಗಳು ಶಾರದ ಇದ್ದಾಳೆ. ಅವಳ ಗಂಡ ಹೋಗಿ ಇನ್ನೂ ಹನ್ನೊಂದನೆಯ ದಿನ ಆಗಿರಲಿಲ್ಲ. ದೂರ ಪ್ರಯಾಣ ಹೊರಟವರು ಸಾವಿನ ಮನೆ ಹೊಗಬಾರದು ಅನ್ನುತ್ತಾರೆ. ಬಾಗಿಲ ಮುಂದೆಯೇ ಹಾದುಹೋಗಲು ನನಗೆ ಮನಸ್ಸು ಬರಲಿಲ್ಲ. ಒಳಗೆ ಹೋಗಿ ಶಾರದಳ ಪಕ್ಕ ಕೂತೆ. ಅವಳು ನನ್ನ ಸೀರೆಯ ಅಂಚನ್ನು ಬೆರಳಲ್ಲಿ ಮಡಿಸುತ್ತಾ ಬಿಚ್ಚುತ್ತಾ ಇದ್ದಳು. ಎದ್ದು ಹೊರಟಾಗ ಹಿಂದೆ ನಿಂತಿದ್ದ ಹನುಮಂತರಾಯ ಕೈಮುಗಿದು, “ಬತ್ತೀವಮ್ಮ” ಅಂದ.

ಮೂಲೆಯಲ್ಲಿದ್ದ ಶಾರದಳ ಅತ್ತೆ, ನಾವೆಲ್ಲ ದೊಡ್ಡಮ್ಮ ಅನ್ನುವವರು, ತಲೆ ಎತ್ತಿದರು. “ಏನ್ಲಾ ಅಂದೆ? ಇಂಥಾದ್ಕೆ ಇನ್ನೊಂದ್ಸಲ ಬರ್ಬೇಕೇನ್ಲಾ? ನನ್ ಮಗ ಒಬ್ಬ ಹೋಗಿದ್ ಸಾಲ್ದಾ? ಬಾಯ್ಮುಚ್ಕಂಡ್ ಹೋಗ್ಲಾ.”

ಅವನು ಕಾರಿನವರೆಗೂ ಬಾಯಿ ತೆರೆಯಲಿಲ್ಲ. ಸಾವಿನ ಮನೆಯಿಂದ ಹೇಳಿ ಹೊರಡಬಾರದು, ತಿರುಗಿ ನೋಡಬಾರದು. ಬರುತ್ತೇನೆ ಎಂದರೆ ಮತ್ತೊಂದು ಸಾವಿಗೆ ಬರುತ್ತೇನೆ ಎಂದಹಾಗೆ. ನಮ್ಮ ಕಡೆ ಇದನ್ನು ಯಾರೂ ಕಲಿಸುವುದಿಲ್ಲ. ಚಿಕ್ಕಂದಿನಲ್ಲಿ ಒಂದು ಸಲ ಬಾಯಿತಪ್ಪಿ ಬೈಸಿಕೊಂಡರೆ ಸಾಕು, ಜೀವಮಾನಕ್ಕಾಗುತ್ತದೆ. ಕಾನ್ವೆಂಟಿನಲ್ಲಿ ಇದಕ್ಕೆ ಉಲ್ಟಾ. ಸಿಸ್ಟರ್ ಆಗ್ನೆಸ್ ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ, “ಮೇ ಐ ಟೇಕ್ ಲೀವ್, ಸಿಸ್ಟರ್” ಅನ್ನಿಸದೆ ಬಿಡುತ್ತಿರಲಿಲ್ಲ. ಹೇಳದೆ ಹೋಗುವುದು ಬ್ಯಾಡ್ ಮ್ಯಾನರ್ಸ್. ಎರಡೂ ಪಾಠ ನನ್ನೊಳಗೆ ಬೇರೆಬೇರೆ ರೂಮಿನಲ್ಲಿ ಬಾಡಿಗೆಗಿದ್ದವು, ಎದುರುಬದುರಾಗಿರಲಿಲ್ಲ.

ಮಾರ್ಗರೆಟ್ ಮನೆ

ಲಂಡನ್ನಿನ ಏರ್‌ಪೋರ್ಟಿನಲ್ಲಿ ಗಾಜಿನ ಹಿಂದಿನ ಹುಡುಗಿ ಬಂದ ಕಾರಣ ಕೇಳಿದಳು. ಗಾಬರಿಯಲ್ಲಿ “ಪೀಸ್” ಅಂದೆ. “ಯಾರ ಯಾರ ನಡುವೆ?” ಎಂದಳು, ಮುಖದಲ್ಲಿ ನಗು ಇಲ್ಲದೆ. “ಸದ್ಯಕ್ಕೆ ಇಬ್ಬರು ಹೆಂಗಸರ ನಡುವೆ” ಅಂದೆ. ನನ್ನನ್ನು ಪಕ್ಕದ ಬೆಂಚಿನಲ್ಲಿ ಬಹಳ ಹೊತ್ತು ಕೂರಿಸಿದರು. ಉಂಡೆಯ ಡಬ್ಬ ತೆಗೆಸಿ ಒಬ್ಬ ಮೂಸಿ ನೋಡಿದ.

ಮಾರ್ಗರೆಟ್ ಉದ್ದನೆಯ, ಒಣಗಿದ ಹೆಂಗಸು. ಮನೆಯ ಬಚ್ಚಲಿಗೂ ಕಾರ್ಪೆಟ್ ಹಾಸಿದ್ದಾಳೆ. ಅದರ ಮೇಲೆ ಒಂದು ಹನಿ ನೀರು ಬೀಳದಂತೆ ಸ್ನಾನ ಮಾಡುವುದು ನನಗಂತೂ ಬರಲಿಲ್ಲ; ಟವೆಲಿನಿಂದ ಒತ್ತಿ ಒತ್ತಿ ಒರೆಸಿ ಕದ್ದವಳಂತೆ ಹೊರಗೆ ಬರುತ್ತಿದ್ದೆ. ಮಧ್ಯಾಹ್ನದ ಟೀ ಹೊತ್ತಿಗೇ ಕತ್ತಲು. ಸೂರ್ಯ ಮುಳುಗಿದ್ದನ್ನು ಯಾರೂ ಗಮನಿಸುವುದಿಲ್ಲ, ದೀಪ ಹಚ್ಚಿ ಕೈಮುಗಿಯುವುದೂ ಇಲ್ಲ. ಸ್ವಿಚ್ ಹಾಕಿ ಕರ್ಟನ್ ಎಳೆಯುತ್ತಾರೆ, ಅಲ್ಲಿಗೆ ಮುಗಿಯಿತು.

ಅವಳಿಗೊಂದು ಅಭ್ಯಾಸ. ಕಷ್ಟದ ಮಾತು ಬಂದಾಗಲೆಲ್ಲ ಕೆಟಲ್ ಹಚ್ಚುತ್ತಾಳೆ. ನಾನು ಹೋದ ಸಂಜೆ ಕೆಟಲ್ ಬಹಳ ಸಲ ಕುದಿಯಿತು. ಕೊನೆಗೆ ನನಗೆ ಬೆನ್ನು ಹಾಕಿಕೊಂಡೇ ಹೇಳಿದಳು. “ಹನಾನ್ ಬಿಟ್ಟುಬಿಡುತ್ತಾಳೆ ಎಂದು ನನ್ನ ಭಯ. ಅವಳು ಹೋದರೆ ಮುಚ್ಚಬೇಕು. ಯಾಯೆಲ್‌ಳಿಂದ ಒಂದು ಮಾತೂ ಬಂದಿಲ್ಲ ಅವಳಿಗೆ. ನನ್ನ ಮಾತು ಅವಳು ಕೇಳುವುದಿಲ್ಲ, ನಾನು ಇಂಗ್ಲಿಷಿನವಳು, ಅಲ್ಲಿ ಆಳಿ ನಾವು ಮಾಡಿಟ್ಟು ಬಂದದ್ದು ಗೊತ್ತಲ್ಲ. ನಿನ್ನ ಮಾತು ಕೇಳುತ್ತಾಳೆ. ನೀನು ನಾಳೆ ಒಬ್ಬಳೇ ಹೋಗಿ ಬಾ.”

ಹನಾನ್ ಮನೆ

ಲಿಫ್ಟ್ ಇಲ್ಲದ ಕಟ್ಟಡದ ಮೇಲಿನ ಮಹಡಿ. ಮೊಣಕಾಲು ಹಿಡಿದುಕೊಂಡು ಹತ್ತಿದೆ. ಬಾಗಿಲ ಹೊರಗೆ ಚಪ್ಪಲಿ, ಬೂಟು ಸಾಲಾಗಿದ್ದವು, ನಮ್ಮ ಊರಿನ ಹಾಗೆಯೇ. ಒಳಗೆ ಕೆಲವು ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಒಬ್ಬಾಕೆ ಗುಬ್ಬಿ ಬಾಯಷ್ಟು ಪುಟ್ಟ ಬಟ್ಟಲಲ್ಲಿ ಕಾಫಿ ಕೊಟ್ಟಳು. ಸಕ್ಕರೆ ಇಲ್ಲ. ಸಾವಿನ ಮನೆಯಲ್ಲಿ ಅವರು ಕಹಿ ಕಾಫಿಯನ್ನೇ ಕೊಡುವುದು. ಉಂಡೆಯ ಡಬ್ಬವಿದ್ದ ನನ್ನ ಬ್ಯಾಗನ್ನು ಕಾಲಿನಿಂದ ಇನ್ನೂ ಹಿಂದಕ್ಕೆ ತಳ್ಳಿಕೊಂಡೆ.

ಬೇರೆಯವರು ಒಬ್ಬೊಬ್ಬರೇ ಎದ್ದು ಹೋದ ಮೇಲೆ ಹನಾನ್ ಫೋನ್ ತೆಗೆದಳು.

“ಅವನ ಹಲ್ಲು ಅಲ್ಲಾಡುತ್ತಿತ್ತು,” ಎಂದಳು. “ಮುಂದಿನ ಹಾಲುಹಲ್ಲು. ಕೀಳಬೇಕೋ ತಾನಾಗಿ ಬೀಳಲು ಬಿಡಬೇಕೋ ಲಂಡನ್ ದೊಡ್ಡಮ್ಮನನ್ನು ಕೇಳು ಎಂದು ತಾಯಿಗೆ ದುಂಬಾಲು ಬಿದ್ದಿದ್ದಾನೆ. ನಾನು ಡಾಕ್ಟರ್ ಅಲ್ಲವೇ. ರೀಮಾ ಅದನ್ನು ಮೆಸೇಜ್ ಮಾಡಿದಳು. ಕ್ಲಿನಿಕ್ಕಿನಲ್ಲಿ ಯಾರದೋ ಬಾಯಿಯೊಳಗೆ ನನ್ನ ಕೈ ಇತ್ತು. ಸಂಜೆ ಉತ್ತರ ಬರೆದೆ, ಬಿಡು, ತಾನಾಗಿ ಬೀಳುತ್ತದೆ, ಬಿದ್ದ ಮೇಲೆ ಸೂರ್ಯನಿಗೆ ಎಸೆ ಅಂತ. ನೋಡು.”

ಮೆಸೇಜಿನ ಕೆಳಗೆ ಒಂದೇ ಟಿಕ್.

“ನಿಮ್ಮಲ್ಲಿ ಸೂರ್ಯನಿಗೆ ಎಸೆಯುತ್ತೀರಾ?” ಎಂದೆ. ಏನಾದರೂ ಮಾತಾಡಬೇಕಿತ್ತು. “ನಮ್ಮಲ್ಲಿ ಸಗಣಿಯಲ್ಲಿ ಸುತ್ತಿ ಮನೆಯ ಮಾಡಿನ ಮೇಲೆ ಎಸೆಯುತ್ತೇವೆ.”

“ಮನೆಯ ಮಾಡು,” ಎಂದಳು ಹನಾನ್. ಅಷ್ಟೇ.

ಅವಳ ಕೈ ಹಿಡಿದು ಕೂತಿದ್ದೆ. ಟ್ರಸ್ಟಿನ ವಿಷಯ ಎತ್ತಲು ನನ್ನಿಂದ ಆಗಲಿಲ್ಲ. ಕಿಟಕಿಯಲ್ಲಿ ಕತ್ತಲಾಗತೊಡಗಿದ್ದು ನೋಡಿ ಎದ್ದೆ, ಸೆರಗು ಸರಿಮಾಡಿಕೊಂಡೆ, ಬಾಗಿಲ ಹೊರಗೆ ಬಂದು ಬೂಟಿಗೆ ಕಾಲು ತೂರಿಸಿದೆ. ಹಿಂದಿನಿಂದ “ಗಿರಿಜ?” ಎಂದು ಕೇಳಿಸಿತು. ನಾನು ತಿರುಗಲಿಲ್ಲ. ರೇಲಿಂಗ್ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ. “ಗಿರಿಜ” ಎಂದು ಇನ್ನೊಂದು ಸಲ ಕೇಳಿಸಿತು. ಸರಿಯಾದದ್ದನ್ನೇ ಮಾಡುತ್ತಿದ್ದೇನೆ ಎಂದು ನನ್ನ ಕಾಲುಗಳಿಗೆ ಗೊತ್ತಿತ್ತು.

ಮೀಟಿಂಗಿನ ದಿನ

ಚರ್ಚಿನ ಹಿಂದಿನ ಹಾಲ್. ಉರಿಯದ ಹೀಟರು. ಮಾರ್ಗರೆಟ್ ಕೋಟು ಬಿಚ್ಚಿರಲಿಲ್ಲ. ಯಾಯೆಲ್ ನನಗಿಂತ ಮೊದಲೇ ಬಂದು ಬಾಗಿಲಿಗೆ ಎದುರಾದ ಕುರ್ಚಿಯಲ್ಲಿ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಪ್ಪು ಚೌಕದ ಹಿಂದೆ ಇದೆಲ್ಲ ಆಗಿದೆ ಎಂದು ನನಗೆ ಗೊತ್ತಿರಲಿಲ್ಲ. ನಾಲ್ಕನೆಯ ಕುರ್ಚಿ ಖಾಲಿ.

ಮಾರ್ಗರೆಟ್ ತನ್ನ ಫೋನಿನಿಂದ ಓದಿ ಹೇಳಿದಳು. ಹನಾನ್ ಬರುವುದಿಲ್ಲ. ಅವಳು ಬರೆದದ್ದು ಇಷ್ಟು: ರೀಮಾಳ ಮಗನ ವಿಷಯ ಗಿರಿಜಗೆ ಹೇಳಿದೆ. ಅವಳು ಒಂದು ಮಾತೂ ಆಡದೆ ಎದ್ದು ಹೋದಳು. ಎರಡು ಸಲ ಕರೆದೆ, ತಿರುಗಿಯೂ ನೋಡಲಿಲ್ಲ. ಗಿರಿಜಗೂ ನನ್ನ ಮುಖ ನೋಡಲಾಗುವುದಿಲ್ಲ ಎಂದಮೇಲೆ ಇದರಲ್ಲಿ ಇನ್ನೇನು ಉಳಿದಿದೆ, ನನ್ನ ಹೆಸರು ತೆಗೆದುಬಿಡಿ.

“ಏನು ನಡೆಯಿತು?” ಎಂದಳು ಮಾರ್ಗರೆಟ್, ಬಹಳ ಮೆತ್ತಗೆ. ಕೆಟಲ್ ಇರಲಿಲ್ಲ ಅಲ್ಲಿ.

ಹೇಳಿದೆ. ಕೊರಟಗೆರೆಯ ದೊಡ್ಡಮ್ಮ, ಹನುಮಂತರಾಯ, ಎಲ್ಲ. ಇಂಗ್ಲಿಷಿನಲ್ಲಿ ಹೇಳಿದಾಗ ಅದು ಎಷ್ಟು ಬಡಕಲಾಗಿ ಕೇಳಿಸಿತು ಎಂದರೆ, ನನಗೇ ನಂಬಿಕೆ ಬರಲಿಲ್ಲ.

“ಒಂದು ಗುಡ್‌ಬೈ, ಗಿರಿಜ,” ಎಂದಳು ಮಾರ್ಗರೆಟ್.

“ಅದನ್ನೇ ಹೇಳಬಾರದು,” ಎಂದಳು ಯಾಯೆಲ್. ಅವಳು ಬಾಯಿ ತೆರೆದದ್ದು ಅದೇ ಮೊದಲು. “ನಮ್ಮಲ್ಲೂ ಹಾಗೇ. ಸಾವಿನ ಮನೆಗೆ ಬಂದವರು ನಮಸ್ಕಾರ ಹೇಳಬಾರದು. ನಾವೂ ಬನ್ನಿ, ಹೋಗಿಬನ್ನಿ ಅನ್ನಬಾರದು. ಅಣ್ಣನ ಮಗ ಹೋದಾಗ ನಾನು ಇಲ್ಲೇ ನನ್ನ ಮನೆಯಲ್ಲಿ ನೆಲಕ್ಕೆ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದೆ. ಬಾಗಿಲು ಹಾಕುವ ಹಾಗಿಲ್ಲ. ಯಾರು ಬೇಕಾದರೂ ಬರಬಹುದು.” ಖಾಲಿ ಕುರ್ಚಿಯ ಕಡೆ ನೋಡಿ, “ಹನಾನ್ ಬರುತ್ತಾಳೆ ಅಂದುಕೊಂಡಿದ್ದೆ. ಬರಲಿಲ್ಲ” ಎಂದಳು.

“ಅದಕ್ಕೇ ನೀನೀಗ ಹೋಗಲಿಲ್ಲವೇ?” ಎಂದೆ.

ಅವಳು ಕಾರಿನ ಕೀ ತೆಗೆದುಕೊಂಡು ಎದ್ದಳು. “ಆ ಮೆಟ್ಟಿಲು ನಿನ್ನೊಬ್ಬಳ ಕೈಲಿ ಆಗುವುದಿಲ್ಲ. ನಡೆ.”

ಮೆಟ್ಟಿಲು

ಯಾಯೆಲ್ ನನ್ನ ರಟ್ಟೆ ಹಿಡಿದು ಹತ್ತಿಸಿದಳು. ಕೊನೆಯ ತಿರುವಿನಲ್ಲಿ, ಹನಾನ್ ಬಾಗಿಲಿಗೆ ಒಂದು ಸಾಲು ಮೆಟ್ಟಿಲು ಉಳಿದಿರುವಾಗ, ಕೈ ಬಿಟ್ಟಳು. ಅಲ್ಲೇ ಕೂತಳು, ಗೋಡೆಗೆ ಮುಖಮಾಡಿ. “ನೀನು ಹೋಗು.”

ಬಾಗಿಲು ತೆಗೆದ ಹನಾನ್, “ಏನಾದರೂ ಮರೆತು ಹೋದೆಯಾ?” ಎಂದಳು. ನಮ್ಮ ತಾಲ್ಲೂಕಾಫೀಸಿನ ಕ್ಲಾರ್ಕುಗಳ ಗಂಟಲಲ್ಲಿ ಕೇಳಿದ್ದೆ ಅಂಥ ದನಿ.

ಹೊಸ್ತಿಲಲ್ಲೇ ನಿಂತು ಹೇಳಿದೆ. ಎರಡನೆಯ ಸಲ ಹೇಳುವಾಗ ಇಂಗ್ಲಿಷ್ ಸ್ವಲ್ಪ ದಾರಿ ಬಿಟ್ಟುಕೊಟ್ಟಿತು. ಅವಳು ಬಾಗಿಲ ಹಿಡಿ ಬಿಡದೆ ಕೇಳಿದಳು.

“ಹಾಗಾದರೆ ನಿಮ್ಮಲ್ಲಿ ದುಃಖದವರನ್ನು ಒಬ್ಬರನ್ನೇ ಬಿಟ್ಟು ಎದ್ದು ಹೋಗುತ್ತೀರಾ?”

“ಇಲ್ಲ. ಮಾರನೆಯ ದಿನ ಮತ್ತೆ ಬರುತ್ತೇವೆ. ಹೇಳದೆ ಬರುತ್ತೇವೆ, ಹೇಳದೆ ಹೋಗುತ್ತೇವೆ.”

ಅವಳು ಒಳಗೆ ಬಿಟ್ಟುಕೊಂಡಳು. ಕಾಫಿ ಹಾಕಿದಳು. ಕೆಳಗಿನಿಂದ ಒಂದು ಕೆಮ್ಮು ಕೇಳಿಸಿತು. ಹನಾನ್‌ಳ ಕೈ ಬಟ್ಟಲಿನ ಮೇಲೆ ನಿಂತಿತು.

“ಆ ಕೆಮ್ಮು ನನಗೆ ಗೊತ್ತು. ಒಂದು ವಾರ ಪಕ್ಕದ ಹಾಸಿಗೆಯಿಂದ ಕೇಳಿದ್ದೇನೆ.”

“ಕರೆಯಲಾ?”

“ಬೇಡ.”

“ಹೋಗು ಅನ್ನಲಾ?”

ಬಟ್ಟಲನ್ನು ನನ್ನ ಕಡೆ ಸರಿಸಿ, “ಅದೂ ಬೇಡ” ಎಂದಳು.

ಕಾಫಿ ಆರಿತು. ನಾನು ಕುಡಿದೆ, ಅವಳು ಕುಡಿಯಲಿಲ್ಲ. “ಮಾರ್ಗರೆಟ್‌ಗೆ ಹೇಳು,” ಎಂದಳು, “ನನ್ನ ಹೆಸರು ಇರಲಿ. ಆದರೆ ಆ ಟೇಬಲ್ಲಿಗೆ ನಾನು ಬರುವುದಿಲ್ಲ. ನಾಲ್ವರೂ ಕೂರದೆ ಏನನ್ನೂ ತೀರ್ಮಾನಿಸುವ ಹಾಗಿಲ್ಲವಲ್ಲ, ತೀರ್ಮಾನಿಸಬೇಡಿ. ಮುಚ್ಚುವುದೂ ಬೇಡ, ತೆರೆಯುವುದೂ ಬೇಡ. ಹಾಗೇ ಬಿದ್ದಿರಲಿ.”

ನಾನು ಎದ್ದೆ. ಈ ಸಲ ಅವಳು ನನ್ನ ತೋಳು ಹಿಡಿದಳು. “ಹೇಳಿ ಹೋಗು. ನಮ್ಮಲ್ಲಿ ಹೇಳಿಯೇ ಹೋಗಬೇಕು. ಮತ್ತೆ ಬರುತ್ತೇನೆ ಅಂತ ಹೇಳು.”

ಬರುತ್ತೇನೆ ಎಂದರೆ ಯಾರ ಸಾವಿಗೆ? ಗಾಜಾದಲ್ಲಿ ಅವಳ ತಾಯಿ ಇನ್ನೂ ಇದ್ದಾರೆ, ಟೆಂಟಿನಲ್ಲಿ. ತಮ್ಮ ಇದ್ದಾನೆ, ಅವನ ಮಕ್ಕಳು. ಕಾನ್ವೆಂಟಿನ ಬಾಗಿಲಲ್ಲಿ ಸಿಸ್ಟರ್, ಕೊರಟಗೆರೆಯ ಮೂಲೆಯಲ್ಲಿ ದೊಡ್ಡಮ್ಮ. ಹನಾನ್‌ಳ ಬೆರಳು ನನ್ನ ತೋಳಿನಲ್ಲಿ ಊರಿತ್ತು, ಹಲ್ಲು ಕೀಳುವವರ ಗಟ್ಟಿ ಬೆರಳು.

“ಹೋಗಿ ಬರ್ತೀನಿ,” ಎಂದೆ, ಕನ್ನಡದಲ್ಲಿ. ಆಮೇಲೆ ಇಂಗ್ಲಿಷಿನಲ್ಲೂ ಹೇಳಿದೆ, ಅವಳಿಗೆ ಅರ್ಥವಾಗಲೆಂದು.

ತಿರುವಿನಲ್ಲಿ ಯಾಯೆಲ್ ಎದ್ದು ಮತ್ತೆ ನನ್ನ ರಟ್ಟೆ ಹಿಡಿದಳು. ತಲೆ ಎತ್ತಿ ಮೇಲೆ ನೋಡಲಿಲ್ಲ. ನಾನು ನೋಡಿದೆ. ಹನಾನ್ ಬಾಗಿಲು ಹಿಡಿದು ನಿಂತಿದ್ದಳು, ಕಣ್ಣು ನಮ್ಮಿಬ್ಬರ ಮೇಲೂ ಇರಲಿಲ್ಲ, ಎದುರಿನ ಗೋಡೆಯ ಮೇಲಿತ್ತು. ನಾವು ರಸ್ತೆಗಿಳಿಯುವವರೆಗೂ ಬಾಗಿಲು ಹಾಕಿದ ಸದ್ದು ಬರಲಿಲ್ಲ.

ಮತ್ತೆ ಸಿರಾ

ಉಂಡೆಯ ಡಬ್ಬ ವಾಪಸ್ ಬಂದದ್ದು ನೋಡಿ ಮುಮ್ತಾಜ್, “ಲಂಡನ್ ತೋರ್ಸ್ಕಂಡ್ ಕರ್ಕಂಬಂದ್ರಾ ಇವ್ನ?” ಅಂದಳು. ಮುಚ್ಚಳ ತೆಗೆದಾಗ ಎಣ್ಣೆ ವಾಸನೆ ಬರುತ್ತಿತ್ತು. ಇಬ್ಬರೂ ಕೂತು ಒಂದೊಂದು ತಿಂದೆವು. ಉಳಿದದ್ದು ಹಸುವಿಗೆ ಹೋಯಿತು.

ಕೆಲವು ತಿಂಗಳು ಫೋನ್ ಸುಮ್ಮನಿತ್ತು. ಆಮೇಲೆ ಮಾರ್ಗರೆಟ್ ಬರೆದಳು. ಹನಾನ್‌ಳ ತಾಯಿ ಟೆಂಟಿನಲ್ಲಿ, ಮಳೆ ಮತ್ತು ಚಳಿಯಲ್ಲಿ, ಔಷಧಿ ಸಿಗದೆ ತೀರಿಕೊಂಡರು. ಯಾಯೆಲ್ ಹೋಗಿದ್ದಳಂತೆ. ಬಾಗಿಲು ತೆರೆದೇ ಇತ್ತಂತೆ. ಒಳಗೆ ಹೋಗಲಿಲ್ಲ, ಮೆಟ್ಟಿಲ ಮೇಲೆ ಕೂತು ಬಂದಳಂತೆ. ಯಾರೋ ಅವಳಿಗೆ ಕಾಫಿ ತಂದುಕೊಟ್ಟರಂತೆ, ಹನಾನ್ ಅಲ್ಲ.

ಅದೇ ಸಂಜೆ ಹನಾನ್‌ಳ ಮೆಸೇಜು. ತಾಯಿಯ ವಿಷಯ ಅದರಲ್ಲಿರಲಿಲ್ಲ. “ನೀನು ಬರುತ್ತೇನೆ ಅಂದಿದ್ದೆ” ಎಂದಷ್ಟೇ ಇತ್ತು.

ಫೋನನ್ನು ಮುಮ್ತಾಜ್‌ಗೆ ತೋರಿಸಿದೆ. “ಅನ್ನಬಾರದಿತ್ತು ಕಣೆ. ದೊಡ್ಡಮ್ಮ ಹೇಳಿದ್ರು. ನಾನು ಬರ್ತೀನಿ ಅಂದೆ, ಇದು ಬಂತು.”

“ಬಿಡ್ತು ಅನ್ನಿ. ನೀವಂದಿದ್ಕೆ ಅಲ್ಲಿ ಮಳೆ ಬಂತಾ? ನೀವಂದಿದ್ಕೆ ಔಷ್ದಿ ಸಿಗ್ಲಿಲ್ವಾ?” ಅವಳು ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಸೆರಗಿನಿಂದ ಧೂಳು ಒರೆಸಿದಳು. “ಬೇಚಾರಿ, ಕಾಯ್ತಾ ಕುಂತವ್ಳೆ. ಬತ್ತೀನಿ ಅಂದ್ಮೇಲೆ ಹೋಗ್ಬೇಕು ಟೀಚರಮ್ಮ. ಅದ್ರಾಗೇನೈತೆ ಯೋಚ್ನೆ ಮಾಡಕ್ಕೆ.”

ನಾನು ಸೀರೆ ಮಡಿಸಿಟ್ಟೆ, ಸ್ವೆಟರ್ ಇಟ್ಟೆ, ಮೊಣಕಾಲಿನ ಎಣ್ಣೆ ಇಟ್ಟೆ. ಮುಮ್ತಾಜ್ ಎಂದಿನಂತೆ ಮುಚ್ಚಳದ ಮೇಲೆ ಕೂತಳು. ಈ ಸಲ ಒತ್ತಬೇಕಾಗಲಿಲ್ಲ. ಉಂಡೆಯ ಡಬ್ಬ ಇಟ್ಟಿರಲಿಲ್ಲ.